ಕಾಲೂರದ ಅತಿಥಿ

ಶಾಂತಸಾಗರದ ನಟ್ಟನಡುವೆ, ಯಾವ ಖಂಡದ ನೆರೆಯೂ ಇಲ್ಲದೆ, ಹವಾಯಿ ದ್ವೀಪಗಳು ಹರಡಿಕೊಂಡಿವೆ. ಕಡಲ ತಳದಿಂದ ಉಕ್ಕಿಬಂದ ಜ್ವಾಲಾಮುಖಿಗಳೇ ಅವುಗಳಿಗೆ ಜನ್ಮವಿತ್ತವು. 1959ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ 50ನೆಯ ರಾಜ್ಯವಾದ ಈ ದ್ವೀಪಸ್ತೋಮದಲ್ಲಿ ಓವಾಹು ಅತ್ಯಂತ ಜನನಿಬಿಡವಾದುದು. ರಾಜಧಾನಿ ಹೊನೊಲುಲು ಇರುವುದು ಅಲ್ಲಿಯೇ. ಆ ದ್ವೀಪದ ಆಗ್ನೇಯ ಮೂಲೆಯಲ್ಲಿ ಹನೌಮಾ ಎಂಬ ಪುಟ್ಟ ಕೊಲ್ಲಿಯೊಂದಿದೆ. ಬಹು ಹಿಂದೆ ಬೆಂಕಿಯುಗುಳಿ ತಣ್ಣಗಾದ ಜ್ವಾಲಾಮುಖಿಯ ಬಾಯಿಯನ್ನು ಕಡಲು ಒಂದು ಪಕ್ಕದಲ್ಲಿ ಒಡೆದು ಒಳನುಗ್ಗಿತು. ಬೆಂಕಿಯ ಬಟ್ಟಲು ನೀರಿನ ಬಟ್ಟಲಾಯಿತು.

ಬೇರೆ ಕಡಲತೀರಗಳಲ್ಲಿ ಬಂದವರು ನೇರವಾಗಿ ನೀರಿಗಿಳಿಯುತ್ತಾರೆ. ಇಲ್ಲಿ ಹಾಗಿಲ್ಲ. ಕೊಲ್ಲಿಯ ದಂಡೆಗೆ ಇಳಿಯುವ ಮೊದಲು ಪ್ರತಿಯೊಬ್ಬ ಹೊಸ ಪ್ರವಾಸಿಯೂ ಮೇಲಿನ ಶಿಕ್ಷಣ ಕೇಂದ್ರದಲ್ಲಿ ಕುಳಿತು ಒಂದು ಕಿರುಚಿತ್ರವನ್ನು ನೋಡಬೇಕು. ಹವಳವನ್ನು ಮುಟ್ಟಬೇಡಿ, ಅದರ ಮೇಲೆ ನಿಲ್ಲಬೇಡಿ, ಮೀನುಗಳಿಗೆ ಆಹಾರ ಹಾಕಬೇಡಿ, ಆಮೆಗಳನ್ನು ಕಾಡಬೇಡಿ ಎಂದು ಅದು ತಿಳಿಸುತ್ತದೆ. ದೂರದೇಶದಿಂದ ಹಣ ತೆತ್ತು ಬಂದವನಿಗೆ ಈ ಪಾಠ ಮೊದಲು ಬೇಸರ ತರಿಸಬಹುದು. ಅದರ ಅರ್ಥ ಹೊಳೆಯುವುದು ನೀರಿನೊಳಗೆ.

ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಲೋಕವನ್ನು ನೋಡುವುದಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆ. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಒಂದು ಕೊಳವೆ. ಮುಖ್ಯ ಸಲಕರಣೆಗಳು ಇಷ್ಟೇ. ಮುಖ ನೀರಿನಲ್ಲಿ ಮುಳುಗುತ್ತಲೇ ದಂಡೆಯ ಗದ್ದಲ ಅಡಗಿ, ಪ್ರವಾಸಿಗೆ ತನ್ನ ಉಸಿರಿನ ಸದ್ದು ಮಾತ್ರ ಕೇಳಿಸುತ್ತದೆ. ಕೆಳಗೆ ಹಳದಿ, ನೀಲಿ, ಕಪ್ಪು ಪಟ್ಟೆಗಳ ಮೀನುಗಳು ಹಿಂಡುಹಿಂಡಾಗಿ ಸಾಗುತ್ತವೆ. ಗಿಳಿಯ ಕೊಕ್ಕಿನಂಥ ಹಲ್ಲುಳ್ಳ ಗಿಳಿಮೀನೊಂದು ಬಂಡೆಗೆ ಅಂಟಿದ ಪಾಚಿಯನ್ನು ಕರಕರನೆ ಕೆರೆದು ತಿನ್ನುತ್ತದೆ. ಪಾಚಿಯೊಡನೆ ಹೊಟ್ಟೆ ಸೇರಿದ ಹವಳದ ಚೂರು ನುಣ್ಣಗೆ ಅರೆದು ಬಿಳಿಯ ಮರಳಾಗಿ ಹೊರಬೀಳುತ್ತದೆ. ದಂಡೆಯಲ್ಲಿ ತಾನು ತುಳಿದುಬಂದ ಮರಳಿನಲ್ಲಿ ಈ ಮೀನುಗಳ ದುಡಿಮೆಯೂ ಇದೆಯೆಂದು ತಿಳಿದಾಗ ಅವನ ಬೆರಗಿಗೆ ಎಣೆಯಿಲ್ಲ.

ಪರೀಕ್ಷೆಯ ಗಳಿಗೆ ಬರುವುದು ಇಂಥ ಮೈಮರೆವಿನಲ್ಲಿಯೇ. ಸಣ್ಣ ಅಲೆಯೊಂದು ಕೊಳವೆಯೊಳಗೆ ನುಗ್ಗುತ್ತದೆ. ಬಾಯಲ್ಲಿ ಉಪ್ಪುನೀರು, ಎದೆಯಲ್ಲಿ ದಿಗಿಲು. ಅರ್ಧ ಮಾರು ಕೆಳಗೆ ಗಟ್ಟಿಯಾದ ಬಂಡೆಯೊಂದು ಕಾಣುತ್ತದೆ. ಅದರ ಮೇಲೆ ಅರೆಗಳಿಗೆ ಕಾಲೂರಿದರೆ ಉಸಿರು ಸುಧಾರಿಸಿಕೊಳ್ಳಬಹುದು.

ಆದರೆ ಅದು ಬಂಡೆಯಲ್ಲ, ಜೀವಂತ ಹವಳ. ಸಾವಿರಾರು ಪುಟ್ಟ ಜೀವಿಗಳು ಒತ್ತೊತ್ತಾಗಿ ನೆಲೆಸಿ, ಕಡಲ ನೀರಿನಿಂದ ಸುಣ್ಣವನ್ನು ಹೀರಿ ಕಟ್ಟಿಕೊಂಡ ಮನೆ. ಉಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲ ಬೆಳೆದುದನ್ನು ಒಂದು ಪಾದದ ಭಾರ ನಿಮಿಷದಲ್ಲಿ ಮುರಿಯಬಲ್ಲದು. ಮೇಲೆ ಕಂಡ ಕಿರುಚಿತ್ರ ಪ್ರವಾಸಿಗೆ ಆಗ ನೆನಪಾಗುತ್ತದೆ. ಅವನು ಕಾಲನ್ನು ಮೇಲೆಳೆದುಕೊಂಡು, ಅಂಗಾತ ಹೊರಳಿ, ಉಸಿರು ಸುಧಾರಿಸಿಕೊಳ್ಳುತ್ತ ಬರಿಯ ಮರಳಿರುವೆಡೆಗೆ ತೇಲಿಹೋಗುತ್ತಾನೆ.

ಒಬ್ಬನ ಪಾದದಿಂದ ಏನಾದೀತು ಎಂಬ ಪ್ರಶ್ನೆಗೆ ಉತ್ತರ ಈ ಕೊಲ್ಲಿಯ ಚರಿತ್ರೆಯಲ್ಲಿದೆ. 1967ರಲ್ಲಿ ಇದನ್ನು ಕಡಲ ಜೀವಿಗಳ ರಕ್ಷಿತ ಪ್ರದೇಶವೆಂದು ಘೋಷಿಸಿ ಮೀನುಗಾರಿಕೆಯನ್ನು ನಿಷೇಧಿಸಲಾಯಿತು. ಗಾಳ ಬಲೆಗಳ ಭಯವಿಲ್ಲದೆ ಮೀನುಗಳು ಮನುಷ್ಯರ ಸನಿಹಕ್ಕೆ ಬಂದವು. ಅವನ್ನು ನೋಡಲು ಜನ ಮುಗಿಬಿದ್ದರು. 1980ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಸುಮಾರು 30 ಲಕ್ಷ ಮಂದಿ ಬರುತ್ತಿದ್ದರು. ಅವರಲ್ಲಿ ಕೆಡುಕು ಬಯಸಿದವರು ಯಾರೂ ಇರಲಿಲ್ಲ. ಪ್ರೀತಿಯಿಂದಲೇ ಮೀನುಗಳಿಗೆ ರೊಟ್ಟಿಯನ್ನೂ ಬಟಾಣಿಯನ್ನೂ ಎಸೆದರು. ಅದರಿಂದ ನೀರು ಕಲುಷಿತವಾಯಿತು, ಮುನ್ನುಗ್ಗಿ ಕಸಿಯುವ ಜಾತಿಯ ಮೀನುಗಳದೇ ಮೇಲುಗೈಯಾಯಿತು. ದಂಡೆಗೆ ಹತ್ತಿರದ ಹವಳ ಕಾಲ್ತುಳಿತಕ್ಕೆ ಸಿಕ್ಕಿತು. ಗಾಳದಿಂದ ಪಾರಾದ ಕೊಲ್ಲಿ ಪ್ರೀತಿಯಿಂದ ಪಾರಾಗಲಿಲ್ಲ.

1990ರಿಂದ ಆಡಳಿತವು ಜನಸಂಖ್ಯೆಗೆ ಮಿತಿ ಹಾಕತೊಡಗಿತು. ಆಮೇಲೆ ಮೀನುಗಳಿಗೆ ಆಹಾರ ಹಾಕುವುದೂ ನಿಷಿದ್ಧವಾಯಿತು. 2002ರಲ್ಲಿ ಶಿಕ್ಷಣ ಕೇಂದ್ರ ತೆರೆಯಿತು. ಕೊಲ್ಲಿಗೆ ವಾರದ ಬಿಡುವೂ ದೊರೆಯಿತು. ಆ ಬಿಡುವಿನಲ್ಲಿ ಮೀನುಗಳ ಹೊರತು ಬೇರೆ ಈಜುಗಾರರಿಲ್ಲ. 2020ರಲ್ಲಿ ಕೋವಿಡ್ ವ್ಯಾಧಿಯ ಕಾರಣ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಕೊಲ್ಲಿಯನ್ನು ಮುಚ್ಚಿದಾಗ ನೀರು ಹೆಚ್ಚು ತಿಳಿಯಾದುದನ್ನು ವಿಜ್ಞಾನಿಗಳು ಅಳೆದು ಕಂಡರು. ಮನುಷ್ಯ ಸುಮ್ಮನೆ ದೂರ ನಿಲ್ಲುವುದೂ ಒಂದು ಉಪಕಾರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎಲ್ಲ ಕೇಡನ್ನೂ ಪ್ರವಾಸಿಯೊಬ್ಬನೇ ತಡೆಯಲಾರ. 2014 ಮತ್ತು 2015ರಲ್ಲಿ ಹವಾಯಿಯ ಕಡಲು ಮಿತಿಮೀರಿ ಬಿಸಿಯಾದಾಗ, ಹವಳಗಳು ತಮಗೆ ಬಣ್ಣವನ್ನೂ ಆಹಾರವನ್ನೂ ಕೊಡುವ ಸೂಕ್ಷ್ಮ ಪಾಚಿಯನ್ನು ಕಳೆದುಕೊಂಡು ಬಿಳಿಚಿಹೋದವು, ಹಲವು ಸತ್ತವು. ಭೂಮಿಯ ಬಿಸಿಯನ್ನು ತಗ್ಗಿಸುವ ಹೊಣೆ ಇಡೀ ಮನುಕುಲದ್ದು. ಆದರೆ ಬೇಗೆಯಿಂದ ಬಳಲಿದ ಹವಳಕ್ಕೆ ತುಳಿತದ ನೋವನ್ನೂ ಸೇರಿಸದಿರುವುದು ಒಬ್ಬೊಬ್ಬನ ಕೈಯಲ್ಲಿಯೂ ಇದೆ.

ಸಂಜೆ ಏರುದಾರಿಯನ್ನು ಹತ್ತುತ್ತ ಪ್ರವಾಸಿ ಒಮ್ಮೆ ಹಿಂತಿರುಗಿ ನೋಡುತ್ತಾನೆ. ಅವನ ಕೈಯಲ್ಲಿ ಒಂದು ಚೂರು ಹವಳವೂ ಇಲ್ಲ. ಕೊಲ್ಲಿಯಲ್ಲಿ ಅವನು ಬಂದುಹೋದ ಗುರುತೂ ಇಲ್ಲ. ಮರಳಿನ ಮೇಲಿನ ಹೆಜ್ಜೆಯನ್ನು ಅಲೆ ಅಳಿಸುತ್ತದೆ. ಹವಳದ ಮೇಲಿನ ಹೆಜ್ಜೆಯನ್ನು ಅಳಿಸಲು ಅಲೆಗೂ ಸಾಧ್ಯವಿಲ್ಲ.