ಚೀಟಿ ಇಲ್ಲದೆ ಕೊಟ್ಟ ಟ್ಯೂಬು

ನಮ್ಮ ಮಳವಳ್ಳಿಯಲ್ಲಿ ಮೊಡವೆಗೆ ಮದ್ದು ಕೇಳಿಕೊಂಡು ಬರುವವರು ಮೊಡವೆ ಎಂಬ ಮಾತನ್ನು ಬಾಯಿಗೆ ತರುವುದು ಅಪರೂಪ. ಹೆಣ್ಣುಮಕ್ಕಳು ಬೇರೆ ಗಿರಾಕಿಗಳು ಹೋಗುವ ತನಕ ಪಕ್ಕದಲ್ಲಿ ನಿಂತಿದ್ದು, ಆಮೇಲೆ "ಅಣ್ಣ, ಮಕಕ್ಕೆ ಹಚ್ಚೋದು ಒಂದು ಕ್ರೀಮ್ ಕೊಡಿ" ಎನ್ನುತ್ತಾರೆ. ಹುಡುಗರು ಮೊಬೈಲಿನಲ್ಲಿ ಟ್ಯೂಬಿನ ಫೋಟೊ ತೋರಿಸುತ್ತಾರೆ. ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುವವರು ಖಾಲಿ ಟ್ಯೂಬನ್ನೇ ಮಡಚಿ ಬ್ಯಾಗಿನಲ್ಲಿ ತಂದಿರುತ್ತಾರೆ: "ಇದೇ ಕೊಡಿ, ಬ್ಯಾರೇದು ಬ್ಯಾಡ." ಸಿಡಿ ಹಬ್ಬ ಹತ್ತಿರ ಬಂದಾಗ, ಲಗ್ನಗಳು ಶುರುವಾದಾಗ ಕೇಳುವವರು ಇನ್ನೂ ಹೆಚ್ಚು. ಡಿ.ಫಾರ್ಮ ಓದಿ, ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ ಮೆಡಿಕಲ್ ಸ್ಟೋರ್ ನಡೆಸುವ ನಾನು ವರ್ಷಗಟ್ಟಲೆ ಅವರಿಗೆಲ್ಲ ಚೀಟಿ ಕೇಳದೆ ಟ್ಯೂಬು ಕೊಟ್ಟಿದ್ದೇನೆ.

ಅದು ಮೂರು ಔಷಧಿ ಬೆರೆತ ಕ್ರೀಮು. ಮೊಮೆಟಾಸೋನ್ ಎಂಬ ಸ್ಟೀರಾಯ್ಡ್, ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್, ಜೊತೆಗೆ ಟ್ರೆಟಿನಾಯಿನ್. ಮುಖದ ಮೇಲೆ ಬಂಗು ಬಂದವರಿಗೆ ವೈದ್ಯರು ನೋಡಿ, ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವಂಥದ್ದು. ಮೊಡವೆಯ ಔಷಧಿಯಲ್ಲ. ಷೆಡ್ಯೂಲ್ ಎಚ್ ಎಂದು, ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕೆಂದು ಟ್ಯೂಬಿನ ಮೇಲೇ ಅಚ್ಚಾಗಿರುತ್ತದೆ. ಹಚ್ಚುವ ಸ್ಟೀರಾಯ್ಡ್‌ಗಳು ಅಂಗಡಿಗಳಲ್ಲಿ ಹೀಗೆ ಬಿಡುಬೀಸಾಗಿ ಮಾರಾಟವಾಗುವುದರ ವಿರುದ್ಧ ಚರ್ಮವೈದ್ಯರ ಸಂಘ ಬಹಳ ಕಾಲ ಹೋರಾಡಿತು. ಕೊನೆಗೆ 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಂಥ 14 ಸ್ಟೀರಾಯ್ಡ್‌ಗಳನ್ನು ಹೆಸರಿಸಿ ಚೀಟಿಯ ಕಟ್ಟಳೆಗೆ ತಂದಿತು. ಆ ಸುದ್ದಿ ನನ್ನ ಮೊಬೈಲಿಗೂ ಬಂತು. ಓದಿದೆ. ಮರುದಿನವೂ ಮಾರಿದೆ.

ಯಾಕೆ ಮಾರಿದೆ ಎಂದರೆ, ಜನ ಬಂದು "ನೀವ್ ಕೊಟ್ಟಿದ್ದು ಚೆನ್ನಾಗ್ ಹಿಡೀತು ಕಣಣ್ಣ" ಎನ್ನುತ್ತಿದ್ದರು. ಕೈಗುಣ ಒಳ್ಳೆಯದು ಎಂದು ಊರಲ್ಲಿ ಮಾತಾಯಿತು. ನಾನೂ ನಂಬಿದೆ. ಕೊಡದಿದ್ದರೆ ಮುಂದಿನ ಅಂಗಡಿಯಲ್ಲಿ ಕೊಡುತ್ತಾರೆ ಎಂಬ ಲೆಕ್ಕವೂ ಇತ್ತು. ಕೊಂಡುಹೋದವರು ಎಷ್ಟು ತಿಂಗಳು ಹಚ್ಚಿದರು, ಬಿಟ್ಟ ಮೇಲೆ ಏನಾಯಿತು ಎಂದು ಒಬ್ಬರನ್ನೂ ಕೇಳಲಿಲ್ಲ.

ಅಕ್ಕನ ಮಗಳು ಸೆಕೆಂಡ್ ಪಿಯು ಓದುತ್ತಿದ್ದಾಗ ಅವಳ ಹಣೆ, ಕೆನ್ನೆಯೆಲ್ಲ ಗುಳ್ಳೆಯಾಯಿತು. ಅಕ್ಕ ಮೊದಲು ಉಷ್ಣ ಎಂದಳು, ಮಾವಿನಹಣ್ಣು ನಿಲ್ಲಿಸಿದಳು. ಕಡಲೆಹಿಟ್ಟು, ಅರಿಶಿನ ಬಳಿದಳು. ನಿಂಬೆರಸ ಹಚ್ಚಿ ಒಂದೆರಡು ಕಡೆ ಚರ್ಮ ಸುಟ್ಟ ಹಾಗಾಯಿತು. ತಲೆಗೆ ಮಾತ್ರ ಹರಳೆಣ್ಣೆ ತಪ್ಪದೆ ಬೀಳುತ್ತಿತ್ತು, ಅದು ಹಣೆಗೆ ಇಳಿಯುತ್ತಿತ್ತು. ಹುಡುಗಿ ನನ್ನ ಹತ್ತಿರ ಬಂದು, "ಮಾಮ, ಮಾತಾಡೋರೆಲ್ಲ ಕಣ್ಣು ನೋಡಲ್ಲ, ಕೆನ್ನೆ ನೋಡ್ತಾರೆ" ಎಂದಳು. ಅವತ್ತು ಸಂಜೆ ಅಂಗಡಿ ಮುಚ್ಚುವಾಗ ಒಂದು ಟ್ಯೂಬನ್ನು ಜೇಬಿಗೆ ಹಾಕಿಕೊಂಡು ಹೋಗಿ ಕೊಟ್ಟೆ.

ವಾರದೊಳಗೆ ಮುಖ ತಿಳಿಯಾಯಿತು. ಹಲಗೂರಿನಲ್ಲಿ ನಡೆದ ಒಂದು ಮದುವೆಯಲ್ಲಿ ನೆಂಟರು "ಏನ್ ಕಳೆ ಬಂದದೆ ಹೆಣ್ಗೆ" ಎಂದರು. ಅಕ್ಕ ನನ್ನ ಕಡೆ ನೋಡಿ ನಕ್ಕಳು. ಅಲ್ಲಿಂದಾಚೆಗೆ ಹುಡುಗಿ ಕಾಲೇಜು ಬಿಟ್ಟು ಬರುವಾಗ ತಾನೇ ಡ್ರಾಯರ್ ಎಳೆದು ಟ್ಯೂಬು ತೆಗೆದುಕೊಳ್ಳುತ್ತಿದ್ದಳು. ಮನೆಯ ಮಗು ಎಂದು ಬಿಲ್ಲಿಲ್ಲ, ಪುಸ್ತಕದಲ್ಲಿ ಬರೆದದ್ದೂ ಇಲ್ಲ.

ಸಿಇಟಿ ಕೋಚಿಂಗಿಗೆಂದು ಮೈಸೂರಿಗೆ ಹೋದಳು. ಅಲ್ಲಿ ಟ್ಯೂಬು ಮುಗಿಯಿತು. ವಾಪಸ್ ಬಂದಾಗ ಬಸ್ಸಿಳಿದವಳು ಕಣ್ಣಷ್ಟೇ ಕಾಣುವಂತೆ ವೇಲು ಸುತ್ತಿಕೊಂಡಿದ್ದಳು. ಮನೆಗೆ ಹೋಗಿ ವೇಲು ತೆಗೆದಳು. ಎರಡೂ ಕೆನ್ನೆಯ ಮೇಲೆ ರಾಗಿಕಾಳಿನಷ್ಟು, ಎಲ್ಲ ಒಂದೇ ಅಳತೆಯ ಗುಳ್ಳೆಗಳು. ನಡುವಿನ ಚರ್ಮ ತೆಳ್ಳಗಾಗಿ ಒಳಗಿನ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಕಿವಿಯ ಮುಂದಿನಿಂದ ಗಲ್ಲದವರೆಗೆ ಮೊದಲಿಲ್ಲದ ನವಿರು ಕೂದಲು. ಒಲೆ ಮುಂದೆ ನಿಂತರೆ ಉರಿ, ಸೋಪು ಹಾಕಿದರೆ ಉರಿ, ಬಿಸಿಲಿಗೆ ಹೋದರಂತೂ ತಡೆಯಲಾಗದ ಉರಿ. "ಇನ್ನೊಂದ್ ಟ್ಯೂಬ್ ಕೊಡು ಮಾಮ, ಹಚ್ಚಿದ್ರೆ ಒಂದೇ ದಿನಕ್ಕೆ ಕಮ್ಮಿ ಆಗ್ತದೆ" ಎಂದಳು. ಬಿಟ್ಟರೆ ಕೆರಳುವುದು, ಹಚ್ಚಿದರೆ ತಣಿಯುವುದು. ಚರ್ಮ ಆ ಕ್ರೀಮಿಗೆ ಅಂಟಿಕೊಂಡಿತ್ತು. ಇದನ್ನು ಕಣ್ಣಾರೆ ನೋಡುವವರೆಗೆ ನನಗೆ ಬುದ್ಧಿ ಬರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಂಡ್ಯಕ್ಕೆ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. "ಏನು ಹಚ್ಚಿದ್ದೀಯಮ್ಮ?" ಎಂದು ಕೇಳಿದರು. ಹುಡುಗಿ ಟ್ಯೂಬು ತೆಗೆದುಕೊಟ್ಟು, "ಫ್ರೆಂಡ್ ಹೇಳಿದ್ಲು ಮೇಡಂ" ಎಂದಳು. ನನ್ನನ್ನು ಕಾಪಾಡಲು ಹಾಗೆಂದಳು. "ಇಲ್ಲ ಮೇಡಂ, ನಾನೇ ಕೊಟ್ಟಿದ್ದು. ನಂದೇ ಮೆಡಿಕಲ್ ಸ್ಟೋರ್" ಎಂದೆ. ಅವರು ಬೈಯಲಿಲ್ಲ. "ಒಟ್ಟು ಎಷ್ಟು ಟ್ಯೂಬ್ ಆಗಿದೆ?" ಎಂದು ಮಾತ್ರ ಕೇಳಿದರು. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಾತ್ರೆಯ ಒಂದೊಂದು ಪಟ್ಟಿಗೂ ಬ್ಯಾಚ್ ನಂಬರ್ ಬರೆದಿಡುವ ನಾನು, ನನ್ನ ಮನೆಯ ಹುಡುಗಿಯ ಮುಖಕ್ಕೆ ಎಷ್ಟು ಸ್ಟೀರಾಯ್ಡ್ ಹೋಗಿದೆ ಎಂದು ಹೇಳಲಾರದೆ ಕೂತಿದ್ದೆ.

ಆಮೇಲೆ ಓದತೊಡಗಿದೆ. ಮುಖದ ಮೇಲಿನ ಪ್ರತಿ ರೋಮದ ಬುಡಕ್ಕೂ ಒಂದು ಎಣ್ಣೆಗ್ರಂಥಿ ಇರುತ್ತದೆ. ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನು ಏರಿ, ಗ್ರಂಥಿ ಎಣ್ಣೆ ಹೆಚ್ಚು ಸುರಿಸುತ್ತದೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯ ಸತ್ತ ಕಣಗಳು ಉದುರಿಹೋಗದೆ ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ. ಕಟ್ಟಿಕೊಂಡ ಕಾಲುವೆಯ ಹಿಂದೆ ನೀರು ನಿಲ್ಲುವಂತೆ ಎಣ್ಣೆ ಹಿಂದೆಯೇ ನಿಲ್ಲುತ್ತದೆ. ಎಲ್ಲರ ಚರ್ಮದಲ್ಲೂ ವಾಸವಿರುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ, ದೇಹ ಅದರ ಮೇಲೆ ಬೀಳುತ್ತದೆ, ಆಗ ಕೆಂಪು, ಊತ, ಕೀವು. ಕಪ್ಪು ತಲೆಯ ಮೊಡವೆಯಲ್ಲಿ ಕಾಣುವ ಕಪ್ಪು ಕೊಳೆಯಲ್ಲ. ಬಾಯಿ ತೆರೆದ ಬಿರಡೆ ಗಾಳಿಗೆ ಕಪ್ಪಾಗಿರುತ್ತದೆ ಅಷ್ಟೆ. ಹಾಗಾಗಿ ದಿನಕ್ಕೆ ಆರು ಸಲ ಸೋಪು ಹಾಕಿ ಉಜ್ಜುವವರಿಗೆ ಚರ್ಮ ಕಿತ್ತುಬರುತ್ತದೆಯೇ ಹೊರತು ಮೊಡವೆ ಹೋಗುವುದಿಲ್ಲ. ಮುಖ ಗಲೀಜು ಇಟ್ಟುಕೊಂಡಿದ್ದಾಳೆ ಎಂದು ಮಕ್ಕಳನ್ನು ಬೈಯುವುದು ಅನ್ಯಾಯ. ಉಷ್ಣದ ಮಾತೂ ನಿಲ್ಲುವುದಿಲ್ಲ. ಆಹಾರಕ್ಕೆ ಸಂಬಂಧವೇ ಇಲ್ಲವೆಂದಲ್ಲ. ಸಕ್ಕರೆ ಅಂಶವನ್ನು ರಕ್ತದಲ್ಲಿ ಬೇಗ ಏರಿಸುವ ತಿಂಡಿ, ಕೆಲವರಿಗೆ ಹಾಲು, ಜಿಮ್ ಹುಡುಗರು ಕುಡಿಯುವ ಪ್ರೋಟೀನ್ ಪುಡಿ ಮೊಡವೆಯನ್ನು ಹೆಚ್ಚಿಸಬಹುದು.

ಸ್ಟೀರಾಯ್ಡ್ ಇಲ್ಲಿ ಮಾಡುವುದೇನು? ಮೈ ಆ ಬ್ಯಾಕ್ಟೀರಿಯಾದ ಮೇಲೆ ಬೀಳುವುದನ್ನು ತಡೆಯುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕೆಂಪು ಇಳಿದು ಮುಖ ಬೆಳ್ಳಗೆ ಕಾಣುತ್ತದೆ. ಬಿರಡೆ ಒಳಗೆ ಹಾಗೇ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸ್ಟೀರಾಯ್ಡಿನಿಂದಲೇ ಹೊಸ ಗುಳ್ಳೆ ಏಳುತ್ತದೆ. ಬಿಟ್ಟ ದಿನ ಕುಗ್ಗಿದ್ದ ನಾಳಗಳೆಲ್ಲ ಹಿಗ್ಗುತ್ತವೆ. ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಗೆಂದು ಬಂದ 2926 ಜನರನ್ನು ವಿಚಾರಿಸಿ, ಚರ್ಮವೈದ್ಯರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಆ 433 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಹೇಳಿದವರು ವೈದ್ಯರೇ ಅಲ್ಲ. ಆ ಸಾಲನ್ನು ನಾನು ನನ್ನ ಬಗ್ಗೆ ಬರೆದದ್ದೆಂದೇ ಓದಿಕೊಂಡೆ.

ಇದಕ್ಕಿಂತ ದೊಡ್ಡದೆಂದು ನನಗೆ ಕಾಣುವ ತಪ್ಪು ಬೇರೆ ಇದೆ. ಮೊಡವೆಯ ಸರಿಯಾದ ಔಷಧಿ ನನ್ನ ಅಂಗಡಿಯಲ್ಲಿ ಆಗಲೂ ಇತ್ತು. ಅಡಾಪಲೀನ್ 0.1 ಪರ್ಸೆಂಟ್ ಜೆಲ್, ಬೆಂಜಾಯ್ಲ್ ಪೆರಾಕ್ಸೈಡ್ 2.5 ಪರ್ಸೆಂಟ್. ಮೊದಲನೆಯದು ಬಿರಡೆ ಕಟ್ಟದಂತೆ ನೋಡಿಕೊಳ್ಳುತ್ತದೆ, ಎರಡನೆಯದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಡಾಕ್ಟರ ಚೀಟಿ ಹಿಡಿದು ಬಂದವರಿಗೆ ಇವನ್ನು ಕವರಿಗೆ ಹಾಕಿ, ಚಿಲ್ಲರೆ ಎಣಿಸಿ ಕಳಿಸುತ್ತಿದ್ದೆ. ಹದಿನೈದು ದಿನಕ್ಕೆ ಅವರು ಮುಖ ಒಣಗಿಸಿಕೊಂಡು, ಸಿಪ್ಪೆ ಏಳಿಸಿಕೊಂಡು ಬಂದು "ಇದು ಹಿಡೀಲಿಲ್ಲ ಅಣ್ಣ, ಜಾಸ್ತಿ ಆಯ್ತು" ಎನ್ನುತ್ತಿದ್ದರು. ನಾನು ಆ ಸ್ಟೀರಾಯ್ಡ್ ಟ್ಯೂಬು ತೆಗೆದುಕೊಡುತ್ತಿದ್ದೆ. ವಾಸಿಯಾಗುವ ದಾರಿಯಲ್ಲಿದ್ದವರನ್ನು ನಡುದಾರಿಯಿಂದ ತಿರುಗಿಸಿದವನು ನಾನು. ಮೊದಲೆರಡು ಮೂರು ವಾರ ಚರ್ಮ ಒಣಗುವುದು, ಮೊಡವೆ ತುಸು ಹೆಚ್ಚಾದಂತೆ ಕಾಣುವುದು ಸಹಜ. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಇಷ್ಟು ಮಾತು ಆಡಿದ್ದರೆ ಅವರಲ್ಲಿ ಎಷ್ಟೋ ಜನ ಬಿಡುತ್ತಿರಲಿಲ್ಲ.

ಅಕ್ಕನ ಮಗಳಿಗೆ ಆ ಮಾತನ್ನು ಡಾಕ್ಟರು ಆಡಿದರು. ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಇನ್ನೂ ಕೆರಳುತ್ತದೆ, ಹೆದರಬೇಡ, ನನಗೆ ಹೇಳದೆ ಏನೂ ಹಚ್ಚಬೇಡ ಎಂದರು. ಕೆರಳಿತು. ಅಕ್ಕ ನನ್ನೊಡನೆ ಕೆಲಕಾಲ ಮಾತು ಬಿಟ್ಟಳು. ಹುಡುಗಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು. ಊಟದ ಮೇಲೆ ತುಂಬು ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಬಿಸಿಲಿಗೆ ಬೀಳಬಾರದು. ಚರ್ಮದ ಉರಿ ಆರಿದ ಮೇಲೆ ಅಡಾಪಲೀನ್. ಮೊದಮೊದಲು ದಿನ ಬಿಟ್ಟು ದಿನ ರಾತ್ರಿ, ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ. ಎದ್ದ ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಡುವುದಲ್ಲ, ಏಳಲಿರುವ ಗುಳ್ಳೆ ಪಕ್ಕದ ಚರ್ಮದಲ್ಲೂ ಇರುತ್ತದೆ. ಅದರ ಜೊತೆ ಕೊಟ್ಟಿದ್ದ ಬೆಂಜಾಯ್ಲ್ ಪೆರಾಕ್ಸೈಡ್ ತಾಗಿ ಅಕ್ಕನ ಮನೆಯ ಕೆಂಪು ಟವೆಲುಗಳೆಲ್ಲ ಅಲ್ಲಲ್ಲಿ ಬೆಳ್ಳಗಾದವು. ಕೊನೆಗೆ ಅವಳಿಗೆಂದೇ ಬಿಳಿ ಟವೆಲು, ಬಿಳಿ ದಿಂಬಿನ ಚೀಲ ತಂದರು. ಹರಳೆಣ್ಣೆ ಹಣೆಗೆ ಇಳಿಯುವುದು ನಿಂತಿತು. ಹತ್ತಿರ ಹತ್ತಿರ ವರ್ಷ ಹಿಡಿಯಿತು. ಈಗ ಮುಖ ಚೆನ್ನಾಗಿದೆ. ಎಡಗೆನ್ನೆಯಲ್ಲಿ ಸಣ್ಣ ಕುಳಿಗಳು ಉಳಿದಿವೆ; ಅವು ಕ್ರೀಮಿನಿಂದ ಹೋಗುವಂಥವಲ್ಲ.

ಈಗ ನನ್ನ ಅಂಗಡಿಯಲ್ಲಿ ಆ ಟ್ಯೂಬು ಚೀಟಿ ಇಲ್ಲದೆ ಸಿಗುವುದಿಲ್ಲ. "ಮದ್ವೆ ಹದಿನೈದ್ ದಿವ್ಸ ಅದೆ ಅಣ್ಣ" ಎಂದು ಬರುವವರಿಗೆ, ಹದಿನೈದು ದಿನದಲ್ಲಿ ಮೊಡವೆ ವಾಸಿಮಾಡುವ ಔಷಧಿ ಇಲ್ಲ ಎಂದೇ ಹೇಳುತ್ತೇನೆ. ಕೆಲವರು ಮುಖ ಸಿಂಡರಿಸಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ನಿಂತು ಕೇಳುವವರೂ ಇದ್ದಾರೆ. ಅವರಿಗೆ ಚಿವುಟಬೇಡಿ ಎನ್ನುತ್ತೇನೆ. ಚಿವುಟಿದರೆ ನಮ್ಮ ಬಣ್ಣದ ಚರ್ಮದಲ್ಲಿ ಕಪ್ಪುಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಆಂಟಿಬಯಾಟಿಕ್ ಜೆಲ್ ಒಂದನ್ನೇ ಹಚ್ಚಿಕೊಂಡು ಕೂರಬೇಡಿ, ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ ಎನ್ನುತ್ತೇನೆ. ಮುಟ್ಟು ಸರಿಯಾಗಿ ಆಗದ, ಗಲ್ಲದ ಮೇಲೆ ಕೂದಲು ಬರುತ್ತಿರುವ ಹೆಣ್ಣುಮಕ್ಕಳಾದರೆ ಪಿಸಿಒಡಿ ಇದೆಯೇ ಎಂದು ತೋರಿಸಿಕೊಳ್ಳಲು ಹೇಳುತ್ತೇನೆ. ಗಂಡು ಅಂಗಡಿಯವನಾಗಿ ಇದನ್ನು ಕೇಳಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ಹೆಂಡತಿ ಕೌಂಟರಿನಲ್ಲಿದ್ದಾಗ ಅವಳೇ ಕೇಳುತ್ತಾಳೆ.

ಗಟ್ಟಿ ಗಂಟಾಗಿ ನೋಯುವ ಮೊಡವೆ, ಕುಳಿ ಬೀಳುತ್ತಿರುವ ಮೊಡವೆ ಇದ್ದವರು ತಡಮಾಡದೆ ಚರ್ಮವೈದ್ಯರ ಹತ್ತಿರ ಹೋಗಬೇಕು. ಅಂಥವರಿಗೆ ಐಸೋಟ್ರೆಟಿನಾಯಿನ್ ಮಾತ್ರೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಆ ಮಾತ್ರೆ ನುಂಗುವಾಗ, ನಿಲ್ಲಿಸಿ ಒಂದು ತಿಂಗಳಾಗುವವರೆಗೂ ಬಸಿರಾಗಲೇಕೂಡದು. ಹೊಟ್ಟೆಯಲ್ಲಿರುವ ಮಗುವಿಗೆ ಭಾರೀ ಅಂಗವೈಕಲ್ಯ ಬರಬಹುದು. ರಕ್ತಪರೀಕ್ಷೆಯೂ ಆಗಬೇಕು. ನಮ್ಮ ಕಡೆ ಮದುವೆ ಗೊತ್ತಾದ ಮೇಲೆ ಮುಖದ ಚಿಂತೆ ಶುರುವಾಗುವ ಹೆಣ್ಣುಮಕ್ಕಳು ಎಷ್ಟೋ ಜನ. ಮದುವೆಯ ದಿನ ಯಾವಾಗ ಎಂಬುದನ್ನು ಡಾಕ್ಟರಿಗೆ ಹೇಳಲೇಬೇಕು. ಇದುವರೆಗೆ ಮುಖಕ್ಕೆ ಹಚ್ಚಿದ ಟ್ಯೂಬುಗಳು, ಖಾಲಿಯಾಗಿದ್ದರೂ ಸರಿ, ಎಸೆಯದೆ ಜೊತೆಗೆ ತೆಗೆದುಕೊಂಡು ಹೋಗಿ. ಯಾವ ಅಂಗಡಿಯಲ್ಲಿ, ಯಾರು ಕೊಟ್ಟರು ಎಂದು ಕೇಳಿದರೆ ಮುಚ್ಚಿಡಬೇಡಿ. ನನ್ನ ಅಂಗಡಿಯದ್ದಾಗಿದ್ದರೂ ಹೇಳಿ.