ಸೀಡರ್ ಪಾರ್ಕಿನ ಗಿಟಾರ್ ಆಂಪಿಗೆ ಯಾವ ಫ್ಯೂಸ್?

ಕಾಸರಗೋಡಿನ ಕನ್ನಡ ಮನೆಯಲ್ಲಿ ಕರೆಂಟು ಹೋದರೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯವರೊಡನೆ ಮಲಯಾಳದಲ್ಲಿ ಮಾತಾಡುತ್ತಾರೆ, ಅದೇ ವಿಷಯವನ್ನು ಮನೆಯೊಳಗೆ ಕನ್ನಡದಲ್ಲಿ ಚರ್ಚಿಸುತ್ತಾರೆ. ಟೆಕ್ಸಾಸಿನಲ್ಲಿ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಕನ್ನಡ ಮನೆಗಳಲ್ಲಿ ಮಲಯಾಳದ ಜಾಗಕ್ಕೆ ಇಂಗ್ಲಿಷ್ ಬಂದಿದೆ, ಅಷ್ಟೆ. ಆಸ್ಟಿನ್ ಸಂಗೀತಕ್ಕೆ ಹೆಸರಾದ ಊರು. ಅಲ್ಲಿ ಗಿಟಾರ್ ಹಿಡಿದ ಮಕ್ಕಳಿದ್ದಲ್ಲಿ ಹಳೆಯ ವಾಲ್ವ್ ಆಂಪ್ಲಿಫೈಯರೂ ಒಂದಲ್ಲ ಒಂದು ದಿನ ಮನೆಗೆ ಬರುತ್ತದೆ, ಒಂದಲ್ಲ ಒಂದು ದಿನ ಅದರ ಫ್ಯೂಸ್ ಹೋಗುತ್ತದೆ. ಮಗಳಿಗೆ ಆಂಪಿನ ತಿಳಿವಳಿಕೆ ಇರುವುದು ಇಂಗ್ಲಿಷಿನಲ್ಲಿ. ಅಪ್ಪನಿಗೋ ಊರಿಂದ ಬಂದ ಅಜ್ಜನಿಗೋ ಫ್ಯೂಸಿನ ಅನುಭವ ಇರುವುದು ಕನ್ನಡದಲ್ಲಿ. ಇವೆರಡೂ ಒಟ್ಟಿಗೆ ಕೂತು ಮಾತಾಡದಿದ್ದರೆ ಆಂಪಿನ ಫ್ಯೂಸ್ ಗೂಡಿಗೆ ತಪ್ಪು ಫ್ಯೂಸ್ ಹೋಗಿ ಕೂರುತ್ತದೆ ಎಂಬುದು ನನ್ನ ವಾದ.

ನಮ್ಮ ಹಿರಿಯರ ಅನುಭವ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿನದು. ಸುಟ್ಟ ತಂತಿ ಕಿತ್ತು ಹೊಸದನ್ನು ಸುತ್ತುವುದು, ಪದೇ ಪದೇ ಹೋದರೆ ಎರಡೆಳೆ ಸುತ್ತುವುದು. ಎರಡೆಳೆ ಸುತ್ತಿದರೂ ನಮ್ಮ ಮನೆಗಳೇನೂ ಸುಟ್ಟುಹೋಗಲಿಲ್ಲವಲ್ಲ ಎನ್ನುವವರಿದ್ದಾರೆ. ಆದರೆ ಅಲ್ಲಿ ಆ ತಂತಿ ಕಾಯುತ್ತಿದ್ದದ್ದು ಗೋಡೆಯೊಳಗಿನ ದಪ್ಪ ವೈರನ್ನು. ಆಂಪಿನ ಫ್ಯೂಸ್ ಕಾಯುವುದು ಕೂದಲೆಳೆಯಂಥ ತಾಮ್ರ ಸುತ್ತಿದ ಟ್ರಾನ್ಸ್‌ಫಾರ್ಮರನ್ನು. 2 ಆಂಪಿಯರ್ ಇರಬೇಕಾದಲ್ಲಿ 5 ಹಾಕಿದರೆ, ಒಳಗೆ ವಾಲ್ವೊಂದು ಶಾರ್ಟ್ ಆದ ದಿನ ಕೆಲವು ಡಾಲರಿನ ಫ್ಯೂಸ್ ಉಳಿದು ನೂರಾರು ಡಾಲರಿನ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಮನೆಗೇ ಬ್ರೇಕರ್ ಇದೆಯಲ್ಲ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಅಮೆರಿಕದ ಮನೆಗಳಲ್ಲಿ ಸಾಮಾನ್ಯ ಪ್ಲಗ್ಗುಗಳ ಬ್ರೇಕರ್ 15 ಅಥವಾ 20 ಆಂಪಿಯರಿನದು; ಅದು ಬೀಳುವಷ್ಟು ಕರೆಂಟು ಹರಿಯುವ ಮೊದಲೇ ಟ್ರಾನ್ಸ್‌ಫಾರ್ಮರ್ ಬೆಂದಿರುತ್ತದೆ.

ಹಾಗಾದರೆ ಸರಿಯಾದದ್ದು ಯಾವುದು? ಗೂಡಿನಲ್ಲಿದ್ದ ಫ್ಯೂಸನ್ನು ನಂಬಬೇಡಿ, ಹಿಂದಿನ ಮಾಲೀಕ ಕೈಗೆ ಸಿಕ್ಕಿದ್ದನ್ನು ಹಾಕಿರಬಹುದು. ಆಂಪಿನ ಬೆನ್ನ ಮೇಲೆ ಅಚ್ಚಾದದ್ದೇ ಪ್ರಮಾಣ. ಕೊಳ್ಳುವ ಫ್ಯೂಸಿನ ಲೋಹದ ಟೊಪ್ಪಿಯನ್ನು ಬೆಳಕಿಗೆ ಹಿಡಿದರೆ ‘ಟಿ2ಎಎಲ್250ವಿ’ ಎಂಬಂಥ ಸಣ್ಣ ಅಕ್ಷರಗಳು ಕಾಣುತ್ತವೆ. ಟಿ ಎಂದರೆ ತುಸು ತಡೆದು ಹೋಗುವ ಸ್ಲೋ ಬ್ಲೋ; ಎಫ್ ಇದ್ದರೆ ಥಟ್ಟನೆ ಹೋಗುವಂಥದ್ದು. ವಾಲ್ವ್ ಆಂಪನ್ನು ಆನ್ ಮಾಡಿದ ಕ್ಷಣ ತಣ್ಣಗಿರುವ ಫಿಲಮೆಂಟುಗಳೂ ಖಾಲಿ ಕೆಪಾಸಿಟರುಗಳೂ ವಾಡಿಕೆಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತವೆ. ಟಿ ಅದನ್ನು ಸಹಿಸುತ್ತದೆ, ಎಫ್ ಸಹಿಸದೆ ಸುಡುತ್ತದೆ, ಮನೆಯವರು ಆಂಪೇ ಕೆಟ್ಟಿತೆಂದು ಇನ್ನೂ ದೊಡ್ಡ ಫ್ಯೂಸ್ ತರುತ್ತಾರೆ. 2ಎ ಎಂದರೆ 2 ಆಂಪಿಯರ್. ಎಲ್ ಎಂದರೆ ದೊಡ್ಡ ಶಾರ್ಟನ್ನು ತಡೆಯುವ ಶಕ್ತಿ ಕಡಿಮೆಯಿರುವ ಗಾಜಿನದು. ಬೆನ್ನ ಮೇಲೆ ಎಚ್ ಎಂದಿದ್ದರೆ ಸಾಮಾನ್ಯವಾಗಿ ಸೆರಾಮಿಕ್‌ನದೇ ಬೇಕು. 250 ವೋಲ್ಟ್ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಅದೇ ಅಳತೆಯ 32 ವೋಲ್ಟಿನ ಗಾಜಿನ ಫ್ಯೂಸ್ ಸಿಗುತ್ತದೆ, ಗೂಡಿನಲ್ಲಿ ಸರಿಯಾಗಿ ಕೂರುತ್ತದೆ ಕೂಡ. ಗೋಡೆಯ ಕರೆಂಟಿಗೆ ಅದು ಅಪಾಯ. ತಂತಿ ಕರಗಿದ ಮೇಲೂ ಒಳಗೆ ಕಿಡಿ ಹರಿಯುತ್ತಲೇ ಇರಬಹುದು. ಉದ್ದಗಲವನ್ನು ಮಾತ್ರ ಅಳೆದೇ ನೋಡಬೇಕು: ಅಮೆರಿಕದ ಆಂಪುಗಳಲ್ಲಿ ಹೆಚ್ಚಾಗಿ 6.3 × 32 ಮಿಲಿಮೀಟರಿನದು, ನಮ್ಮ ಕಡೆ ಸಾಮಾನ್ಯವಾದದ್ದು 5 × 20.

ಬೆಂಗಳೂರಿನಿಂದ ಆಂಪ್ ತಂದವರ ಪಾಡು ಇನ್ನೊಂದು. 180 ವ್ಯಾಟಿನ ಆಂಪ್ ನಮ್ಮ 230 ವೋಲ್ಟಿನಲ್ಲಿ ಸುಮಾರು 0.8 ಆಂಪಿಯರ್ ಎಳೆದರೆ, ಟೆಕ್ಸಾಸಿನ 120 ವೋಲ್ಟಿನಲ್ಲಿ 1.5 ಎಳೆಯುತ್ತದೆ. ಎರಡು ವೋಲ್ಟೇಜಿಗೂ ಒಗ್ಗುವ ಆಂಪಿನ ಬೆನ್ನ ಮೇಲೆ ಎರಡು ಫ್ಯೂಸ್ ಸಂಖ್ಯೆಗಳಿರುವುದು ಅದಕ್ಕೇ. ಒಂದೇ ವೋಲ್ಟೇಜಿನ ಆಂಪಾದರೆ ಫ್ಯೂಸ್ ಬದಲಿಸಿ ಪ್ರಯೋಜನವಿಲ್ಲ.

ಇಷ್ಟನ್ನು ಕನ್ನಡದಲ್ಲಿ ಮಾತಾಡುವ ಅಗತ್ಯವೇನು, ಅಚ್ಚಾಗಿರುವುದೇ ಇಂಗ್ಲಿಷಿನಲ್ಲಿ ಎಂದು ಕೇಳಬಹುದು. ಓದಲು ಇಂಗ್ಲಿಷ್ ಸಾಕು, ಒಪ್ಪುತ್ತೇನೆ. ಆದರೆ ‘ಒಂದು ಸೈಜು ದೊಡ್ಡದು ಹಾಕು, ಏನಾಗಲ್ಲ’ ಎಂಬ ಮಾತು ಮನೆಯಲ್ಲಿ ಹುಟ್ಟುವುದು ಕನ್ನಡದಲ್ಲೇ. ಅದಕ್ಕೆ ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು. ಮೊದಲಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಯವನೇ ನೋಡಿ ಹೇಳುತ್ತಿದ್ದ. ಆದರೆ ಅಂಥ ಅಂಗಡಿಗಳ ಪೈಕಿ ಟೆಕ್ಸಾಸಿನ ಫೋರ್ಟ್ ವರ್ತ್‌ನಿಂದಲೇ ನಡೆಯುತ್ತಿದ್ದ ರೇಡಿಯೋ ಶ್ಯಾಕ್ 2015ರಲ್ಲಿ ದಿವಾಳಿಯಾಯಿತು, ಫ್ರೈಸ್ ಎಲೆಕ್ಟ್ರಾನಿಕ್ಸ್ 2021ರಲ್ಲಿ ಆಸ್ಟಿನ್ ಮಳಿಗೆಯೂ ಸೇರಿ ಎಲ್ಲ ಬಾಗಿಲನ್ನೂ ಮುಚ್ಚಿತು. ಈಗ ಆನ್‌ಲೈನಿನಲ್ಲಿ ತರಿಸುವಾಗ ಅಳತೆ, ಅಕ್ಷರ, ಸಂಖ್ಯೆಗಳನ್ನು ಮನೆಯವರೇ ತೂಗಿ ನೋಡಬೇಕು. ಮಗಳು ಓದಲಿ, ಅಜ್ಜ ಕೇಳಲಿ, ಇಬ್ಬರೂ ವಾದಿಸಲಿ. ಮನೆಯ ಕನ್ನಡ ಬರೀ ಊಟ-ತಿಂಡಿ, ಹಬ್ಬದ ಮಾತಿಗೆ ನಿಂತುಬಿಡದಂತೆ ಕಾಯುವುದು ಇಂಥ ಕೆಲಸದ ಮಾತೇ. ಕಾಸರಗೋಡಿನಂಥ ಗಡಿನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬದಲಿಸುವ ಮುನ್ನ ಪ್ಲಗ್ ಕಿತ್ತಿಡಿ. ಹಿಂಬದಿಯ ಗೂಡನ್ನು ಮಾತ್ರ ತೆರೆಯಿರಿ, ಒಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತವೆ. ಸುಟ್ಟ ಫ್ಯೂಸನ್ನು ಎಸೆಯಬೇಡಿ. ಗಾಜು ತಿಳಿಯಾಗಿದ್ದು ತಂತಿ ನಡುವೆ ತುಂಡಾಗಿದ್ದರೆ ಹಳತಾಗಿ ಹೋಗಿರಬಹುದು. ಗಾಜು ಕಪ್ಪಿಟ್ಟಿದ್ದರೆ ಒಳಗೆ ದೊಡ್ಡ ಶಾರ್ಟ್ ಆಗಿರುವ ಸಂಭವ ಹೆಚ್ಚು. ಸರಿಯಾದ ಫ್ಯೂಸ್ ಹಾಕಿದ ಮೇಲೂ ಅದು ತಕ್ಷಣ ಹೋದರೆ ಇನ್ನೊಂದನ್ನು ಕೊಳ್ಳಬೇಡಿ, ಆಂಪನ್ನು ರಿಪೇರಿಯವರ ಬಳಿ ಒಯ್ಯಿರಿ, ಸುಟ್ಟ ಎರಡೂ ಫ್ಯೂಸುಗಳನ್ನು ಅವರ ಕೈಗೆ ಕೊಡಿ.