ತಣ್ಣನೆ ಬಾಡಿಗೆ, ಬೆಚ್ಚನೆ ಬಾಡಿಗೆ

ಜರ್ಮನಿಯಲ್ಲಿ ಮನೆ ಬಾಡಿಗೆಗೆ ಎರಡು ಹೆಸರುಗಳಿವೆ. ಒಂದು ತಣ್ಣನೆ ಬಾಡಿಗೆ, ಇನ್ನೊಂದು ಬೆಚ್ಚನೆ ಬಾಡಿಗೆ. ಬರೀ ಗೋಡೆ, ಸೂರುಗಳಿಗೆ ಕೊಡುವುದು ತಣ್ಣನೆಯದು. ಅದಕ್ಕೆ ನೀರು, ಕಸ ವಿಲೇವಾರಿ, ಚಳಿಗಾಲದಲ್ಲಿ ಕೋಣೆ ಕಾಯಿಸುವ ಖರ್ಚು ಸೇರಿದರೆ ಬೆಚ್ಚನೆಯದು. ವಿದ್ಯುತ್ ಬಿಲ್ಲು ಅನೇಕ ಕಡೆ ಇದರಲ್ಲೂ ಸೇರುವುದಿಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಲೆಜರ್ ಬರೆದ ನನಗೆ ಅಸಲು, ಬಡ್ಡಿ ಗೊತ್ತಿತ್ತೇ ಹೊರತು ಬಾಡಿಗೆಗೆ ಶಾಖ ಇರುವುದು ಗೊತ್ತಿರಲಿಲ್ಲ.

ಇದನ್ನೆಲ್ಲ ಕಲಿಸಿದವಳು ನನ್ನ ಮೊಮ್ಮಗಳು. 2025ರಲ್ಲಿ ಅವಳಿಗೆ ಮ್ಯೂನಿಕ್ ನಗರದಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿತು. ಮನೆಯಲ್ಲಿ ಕಾಯಿಹೋಳಿಗೆ ಆಯಿತು. ಸೀಟು ಸಿಕ್ಕಿದ ಮೇಲೆ ಉಳಿದದ್ದೆಲ್ಲ ಸಲೀಸು ಅಂದುಕೊಂಡೆವು. ವೀಸಾಕ್ಕಾಗಿ ಒಂದು ವಿಶೇಷ ಖಾತೆಯಲ್ಲಿ ಆಗ 11,904 ಯೂರೋ ಇಡಬೇಕಿತ್ತು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದಿತ್ತು. ನಮ್ಮದೇ ದುಡ್ಡು, ಆದರೆ ಪಿಂಚಣಿಯಂತೆ ಕಂತಿನಲ್ಲಿ ಬರುತ್ತದೆ! ಸಾಲ ಮಾಡಿ ಅದನ್ನೂ ಮುಗಿಸಿದೆವು. ಸಿಗದೇ ಹೋದದ್ದು ಕೋಣೆ.

ಅಲ್ಲಿನ ವಿದ್ಯಾರ್ಥಿ ನಿಲಯಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಸ್ಟುಡಿಯೆರೆಂಡನ್‌ವೆರ್ಕ್ ಎಂದು ಹೆಸರು. ಬಾಡಿಗೆ ಕಡಿಮೆ, ಆದ್ದರಿಂದ ಸರದಿ ಉದ್ದ. ಅವರ ನಿಲಯಗಳಲ್ಲಿ ಒಂದರ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. 1972ರಲ್ಲಿ ಮ್ಯೂನಿಕ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಆಗ ಮಹಿಳಾ ಕ್ರೀಡಾಪಟುಗಳು ಉಳಿದುಕೊಳ್ಳಲು ಕಟ್ಟಿದ ಹಳ್ಳಿಯನ್ನು ಆಟ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ಗುಬ್ಬಿಗೂಡಿನಂಥ ಮನೆ. ಹಳೆಯವನ್ನು ಕೆಡವಿ 2010ರ ಹೊತ್ತಿಗೆ ಮತ್ತೆ ಕಟ್ಟಿದ್ದಾರೆ, ಈಗ ಸಾವಿರಕ್ಕೂ ಹೆಚ್ಚು ಇವೆ. ಒಳಗೆ ಇರುವವರೇ ಹೊರಗೋಡೆಗೆ ಬೇಕಾದ ಚಿತ್ರ ಬರೆದುಕೊಳ್ಳಬಹುದು. ಒಂದು ಗೋಡೆಯ ಮೇಲೆ ಮೀನು, ಪಕ್ಕದ್ದರ ಮೇಲೆ ರಾಕೆಟ್ಟು. ಮೊಮ್ಮಗಳು ಅರ್ಜಿ ಹಾಕಿದಳು. ಕೆಲವು ಸೆಮಿಸ್ಟರ್ ಕಾಯಬೇಕೆಂದು ಉತ್ತರ ಬಂತು.

ನಾನು 1969ರಲ್ಲಿ ಬಿ.ಕಾಂ. ಓದಲು ಹಳ್ಳಿಯಿಂದ ಮೈಸೂರಿಗೆ ಬಂದಾಗ ಕೋಣೆ ಹುಡುಕಲು ಹಿಡಿದದ್ದು ಒಂದು ಮಧ್ಯಾಹ್ನ. ಅಪ್ಪ ಬಸ್ಸಿಳಿದು ವಠಾರದ ಬಾಗಿಲಲ್ಲಿ ನಿಂತು ಕೇಳಿದರು, ಹನ್ನೆರಡು ರೂಪಾಯಿ ಬಾಡಿಗೆ ಎಂದರು, ಮುಗಿಯಿತು. ಅದು ಒಳ್ಳೆಯ ಕಾಲ ಎಂದು ಮಾತ್ರ ಹೇಳಲಾರೆ. ಯಾವ ಊರು ಎಂದ ಮೇಲೆ ಯಾವ ಜನ ಎಂದೂ ಕೇಳುತ್ತಿದ್ದರು. ನನ್ನ ಜೊತೆಗೇ ಬಂದ ಗೆಳೆಯನಿಗೆ ಆ ಒಂದು ಪ್ರಶ್ನೆಯಿಂದ ನಾಲ್ಕು ಬಾಗಿಲು ಮುಚ್ಚಿದವು.

ಜುಲೈ ತಿಂಗಳಲ್ಲಿ ಒಂದು ರಾತ್ರಿ ಮೊಮ್ಮಗಳು ಕುಣಿಯುತ್ತ ಬಂದಳು. ಊರಿನ ನಡುವೆ ಕೋಣೆ, ದೊಡ್ಡ ಕಿಟಕಿ, ಬಾಡಿಗೆ 420 ಯೂರೋ. ಮಾಲೀಕರು ಬೇರೆ ದೇಶದಲ್ಲಿದ್ದಾರಂತೆ, ಕೀಲಿಕೈಯನ್ನು ಕೊರಿಯರ್‌ನಲ್ಲಿ ಕಳಿಸುತ್ತಾರಂತೆ. ಮೂರು ತಿಂಗಳ ಮುಂಗಡ, ಒಂದು ತಿಂಗಳ ಬಾಡಿಗೆ ಸೇರಿ 1,680 ಯೂರೋ ನಾಳೆಯೊಳಗೆ ಹಾಕಬೇಕು. ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿ ಮೀರುತ್ತದೆ. ನಂಬಿಕೆಗೆಂದು ಆತ ತನ್ನ ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸಿದ್ದ.

ಕೌಂಟರಿನಲ್ಲಿ ಕೂತವನಿಗೆ ಒಂದು ಅಭ್ಯಾಸ ಉಳಿದುಬಿಡುತ್ತದೆ. ಯಾರು ಬಹಳ ಅವಸರ ಮಾಡುತ್ತಾರೋ ಅವರ ಚೆಕ್ಕನ್ನು ಎರಡು ಸಲ ತಿರುಗಿಸಿ ನೋಡುವುದು. ಖಾತೆ ಸಂಖ್ಯೆ ತೋರಿಸು ಎಂದೆ. ಜರ್ಮನಿಯ ಖಾತೆಗಳು ಡಿ, ಇ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಒಟ್ಟು 22 ಅಕ್ಷರ, ಅಂಕಿಗಳು. ಇದು ಬೇರೆ ದೇಶದ್ದು. ಖಾತೆಯ ಹೆಸರೇ ಒಂದು, ಪಾಸ್‌ಪೋರ್ಟಿನ ಹೆಸರೇ ಇನ್ನೊಂದು.

"ತಾತ, ನಿಮಗೆ ಲೋಕದಲ್ಲಿ ಎಲ್ಲರೂ ಕಳ್ಳರೇ. ಈ ಕೋಣೆ ಹೋದರೆ ನಾನು ರಸ್ತೆಯಲ್ಲಿ ಮಲಗಬೇಕಾ?" ಎಂದು ಅತ್ತುಬಿಟ್ಟಳು. ನಾನೇನೂ ವಾದಿಸಲಿಲ್ಲ. ಆ ಕೋಣೆಯಲ್ಲಿ ಯಾರಾದರೂ ನಿಂತು ಫೋನಿನಲ್ಲಿ ಕಿಟಕಿ ತೋರಿಸಲಿ, ಆಮೇಲೆ ದುಡ್ಡು ಹಾಕೋಣ ಎಂದು ಬರೆ ಎಂದೆ. ಬರೆದಳು. ಉತ್ತರ ಬರಲಿಲ್ಲ. ಎರಡು ದಿನಗಳಲ್ಲಿ ಜಾಹೀರಾತೇ ಮಾಯವಾಯಿತು. ಅವಳು ನನ್ನೊಡನೆ ಮಾತಾಡಲು ಮೂರನೆಯ ದಿನವಾಯಿತು.

ಮುಂಗಡದ ವಿಷಯದಲ್ಲಿ ಅಲ್ಲಿನ ಕಾನೂನು ನನಗೆ ತುಂಬಾ ಹಿಡಿಸಿತು. ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಮಾಲೀಕ ಅದನ್ನು ತನ್ನ ಸ್ವಂತ ಹಣದೊಡನೆ ಬೆರೆಸದೆ ಬೇರೆ ಇಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ವಾಪಸ್ಸಿಗೆ ಅಲೆದವರಿಗೆ ಇದರ ರುಚಿ ಗೊತ್ತಾಗುತ್ತದೆ.

ಕೊನೆಗೆ ಉಳಿದ ದಾರಿ ವೇಗೇ. ಹಾಗೆಂದರೆ ಒಂದು ಮನೆಯನ್ನು ಮೂರು ನಾಲ್ಕು ಜನ ಹಂಚಿಕೊಂಡು ಇರುವುದು. ಒಬ್ಬರು ಬಿಟ್ಟು ಹೋದರೆ ಉಳಿದವರು ಹೊಸಬರನ್ನು ಸಂದರ್ಶನ ಮಾಡಿ ಆರಿಸುತ್ತಾರೆ. ನಮ್ಮ ಹೆಣ್ಣು ನೋಡುವ ಶಾಸ್ತ್ರದ ಹಾಗೆಯೇ, ಉಪ್ಪಿಟ್ಟು ಕೇಸರಿಬಾತು ಮಾತ್ರ ಇರುವುದಿಲ್ಲ. ನಲವತ್ತಕ್ಕೂ ಹೆಚ್ಚು ಕಡೆಗೆ ಬರೆದಳು. ಒಂಬತ್ತು ಉತ್ತರ ಬಂದವು. ಹೆಸರು ನೋಡಿಯೇ ಕೆಲವರು ಬಿಟ್ಟಿರಬಹುದು ಎಂದು ಅವಳ ಗುಮಾನಿ. ನನಗೆ ಗೆಳೆಯನ ನಾಲ್ಕು ಬಾಗಿಲು ನೆನಪಾಯಿತು.

ಮೂರನೆಯ ಸಂದರ್ಶನದಲ್ಲಿ ಇಬ್ಬರು ಹುಡುಗಿಯರು. ಪಾತ್ರೆ ರಾತ್ರಿಯೇ ತೊಳೆಯುತ್ತೀಯಾ, ಬೆಳಗ್ಗೆಯಾ? ಭಾನುವಾರ ಸದ್ದು ಮಾಡುತ್ತೀಯಾ? ಮೊದಲ ದಿನ ನಮಗೇನು ಅಡುಗೆ ಮಾಡುತ್ತೀಯಾ? ಬಾಗಿಲ ಹಿಂದೆ ನಿಂತಿದ್ದ ನನ್ನ ಹೆಂಡತಿ "ಬಿಸಿಬೇಳೆಬಾತ್ ಅನ್ನು" ಎಂದು ಸನ್ನೆ ಮಾಡಿದಳು. ಕೋಣೆ ಸಿಕ್ಕಿತು. ಬೆಚ್ಚನೆ ಬಾಡಿಗೆ 610 ಯೂರೋ. ಬಿಸಿಬೇಳೆಬಾತಿನಿಂದಲೇ ಸಿಕ್ಕಿದ್ದೆಂದು ಇವಳ ವಾದ.

ಆದರೆ ಕೋಣೆ ಖಾಲಿಯಾಗುವುದು ಅಕ್ಟೋಬರ್ 15ಕ್ಕೆ, ಇವಳು ಇಳಿಯುವುದು ಸೆಪ್ಟೆಂಬರ್ 29ಕ್ಕೆ. ನಡುವೆ ಲಾಡ್ಜಿನಲ್ಲಿ ಇರೋಣವೆಂದರೆ ಮ್ಯೂನಿಕ್‌ನ ದೊಡ್ಡ ಜಾತ್ರೆ, ಅಕ್ಟೋಬರ್‌ಫೆಸ್ಟ್. ಆ ವರ್ಷ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 5ರವರೆಗೆ ಇತ್ತು. ನಮ್ಮ ವಿಜಯದಶಮಿ ಅಕ್ಟೋಬರ್ 2ಕ್ಕೆ. ಮೈಸೂರಿನಲ್ಲೂ ಲಾಡ್ಜ್ ಇಲ್ಲ, ಮ್ಯೂನಿಕ್‌ನಲ್ಲೂ ಇಲ್ಲ! ಆಗ ನೆನಪಾದದ್ದು ನಮ್ಮ ಬೀದಿಯ ಮೇಷ್ಟ್ರ ಮಗಳು. ಅವಳಿರುವುದು ಹತ್ತಿರದ ಆಗ್ಸ್‌ಬರ್ಗ್ ಊರಿನಲ್ಲಿ. ಹದಿನಾರು ದಿನ ತನ್ನ ಸೋಫಾ ಬಿಟ್ಟುಕೊಟ್ಟಳು. ದುಡ್ಡು ಮುಟ್ಟಲಿಲ್ಲ, ಚಟ್ನಿಪುಡಿ ಡಬ್ಬ ಮಾತ್ರ ಇಟ್ಟುಕೊಂಡಳು.

ಕೋಣೆಗೆ ಹೋದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಬೇಕು. ಆ ಕಾಗದದ ಫೋಟೊ ನನಗೂ ಕಳಿಸಿದಳು. ಭೂತಗನ್ನಡಿ ಹಿಡಿದು ಸಹಿ ನೋಡಿದೆ, ಅಭ್ಯಾಸಬಲ.

ಒಲಿಂಪಿಕ್ ಹಳ್ಳಿಯ ಸರದಿಯಲ್ಲಿ ಅವಳ ಹೆಸರು ಇನ್ನೂ ಇದೆ. ಸಿಕ್ಕರೆ ಗೋಡೆಗೆ ಏನು ಬರೆಯಲಿ ಎಂದು ಹೋದ ಭಾನುವಾರ ಕೇಳಿದಳು. ಅಜ್ಜಿ ರಂಗೋಲಿ ಎಂದಳು, ನಾನು ಅಂಬಾರಿ ಆನೆ ಎಂದೆ. ಅಷ್ಟು ಸಣ್ಣ ಗೋಡೆಯಲ್ಲಿ ಆನೆ ಹಿಡಿಸುವುದಿಲ್ಲವೆಂದು ಇಬ್ಬರೂ ನಗುತ್ತಾರೆ. ಗೋಡೆಯ ಅಳತೆ ಕಳಿಸು ಎಂದಿದ್ದೇನೆ.